ಎರಡು ಇಂಚು

ಬೆಳಗೊಳ ದಾಟಿದ ಮೇಲೆ ರಸ್ತೆಯ ಈ ಕಡೆ ಅಲೆಮನೆ,
ಆ ಕಡೆ ಡಾಲ್ಫಿನ್ ಸಿಟಿ.
ಎರಡರ ಬೋರ್ಡೂ ನನ್ನ ಕೈಬರಹ;
ಮೂಲೆಯಲ್ಲಿ ಸಣ್ಣಗೆ, ಪುಟ್ಟಮಾದು ಆರ್ಟ್ಸ್, ಮಂಡ್ಯ.

ಅಲೆಮನೆ ಎಂದು ಬರೆದ ರಾತ್ರಿಯೇ
ಯಾರೋ ಕಿಡಿಗೇಡಿ ಇದ್ದಿಲಲ್ಲಿ ದೀರ್ಘ ಎಳೆದಿದ್ದ.
ಆಲೆಮನೆ.
ತಪ್ಪೇನಿಲ್ಲ, ಮೊದಲು ಅಲ್ಲಿದ್ದದ್ದು ಅದೇ.
ಕೊಪ್ಪರಿಗೆ ಇಟ್ಟಿದ್ದ ಗುಳಿಯಲ್ಲೀಗ ಚಿಕ್ಕ ಮಕ್ಕಳ ಕೊಳ.

ಇವರು ಮೂರಂತಸ್ತಿನ ಹೆಬ್ಬಾವು ಇಳಿಬಿಟ್ಟರೆ
ಅವರು ನಾಲ್ಕಂತಸ್ತಿನ ಕಾಳಿಂಗ.
ಇಲ್ಲಿ ಟಿಕೆಟ್ಟಿಗೆ ಊಟ ಬಿಟ್ಟಿ ಅಂದ ಭಾನುವಾರ
ಅಲ್ಲಿ ಊಟದ ಮೇಲೊಂದು ಜಾಮೂನು.
ನಂಜನಗೂಡಿನಿಂದ ಟೆಂಪೊ ಕಟ್ಟಿಕೊಂಡು ಬಂದವರು
ನಡುರಸ್ತೆಯಲ್ಲಿ ನಿಂತು ಲೆಕ್ಕ ಹಾಕುತ್ತಾರೆ,
ಒಂಬತ್ತು ತಲೆ, ಅದರಲ್ಲಿ ಅರ್ಧ ಟಿಕೆಟ್ ಎಷ್ಟು,
ನೀರಿಗೇ ಇಳಿಯದ ಅಜ್ಜಿಗೂ ಪೂರ್ತಿ ಕೊಡಬೇಕೆ.
ಹಿಂದಿನಿಂದ ಕಬ್ಬಿನ ಲಾರಿಯ ಹಾರನ್ನು.
ಕೊನೆಗೆ ಯಾವುದೋ ಒಂದು ಗೇಟು ಹೊಕ್ಕರೂ
ಒದ್ದೆ ಬಟ್ಟೆಯಲ್ಲಿ ನಿಂತವರ ಕಿವಿ ಅತ್ತಲೇ:
ರಸ್ತೆಯಾಚೆಯ ಕಿರುಚಾಟವೇ ಹೆಚ್ಚು ಸಿಹಿ.

ನನ್ನ ಕೆಲಸ ಒಳಗೆ, ಜಾರುಕೊಳವೆಯ ಬುಡದಲ್ಲಿ.
ಅಲ್ಲೂ ಇಲ್ಲೂ ಒಂದೇ ಅಚ್ಚಿನ ಕರಡಿ,
ತಗಡಿನ ಮೇಲೆ ತೋಳು ಚಾಚಿ ನಿಂತದ್ದು.
‘ನನ್ನ ಕೈಗೆ ನಿನ್ನ ತಲೆ ತಾಗಿದರೆ ಮೇಲೆ ಹತ್ತು.’
ನಾಲ್ಕಡಿ. ಟೇಪು ಹಿಡಿದು ಎರಡು ಸಲ ಅಳೆದು ಬರೆದದ್ದು.

ಹೋದ ಬೇಸಿಗೆ ನನ್ನ ಮೋಕ್ಷಿತಳನ್ನು
ಅಲೆಮನೆಯ ಆ ಕೈ ವಾಪಸು ಕಳಿಸಿತು.
ತಲೆಗೂ ತೋಳಿಗೂ ನಡುವೆ ಮೂರು ಬೆರಳು ಬೆಳಕು.
ಜುಟ್ಟು ಮೇಲೆತ್ತಿ ಕಟ್ಟಿ ಇನ್ನೊಂದು ಸಲ ನಿಂತಳು.
ಕಾವಲಿನ ಹುಡುಗ ಮೆಲ್ಲಗೆ ಜುಟ್ಟು ಒತ್ತಿದ.
ಅವತ್ತಿನಿಂದ ಬಾಗಿಲ ಚೌಕಟ್ಟಿಗೆ ಜೋತಾಟ,
ಸೇರದ ಹಾಲು, ಬಸ್ಸಾರಿನ ಪಲ್ಯ,
ಅಮಾವಾಸ್ಯೆಗೊಂದರಂತೆ ಗೋಡೆಯ ಮೇಲೆ ಪೆನ್ಸಿಲ್ ಗೀಟು.

ಮೊದಲು ಕರೆದವರು ಡಾಲ್ಫಿನ್ನಿನವರು.
ಮ್ಯಾನೇಜರ್ ಉತ್ತಪ್ಪ ಕಾಫಿ ಕೊಡಿಸಿ ಹೇಳಿದರು:
‘ಎರಡೇ ಇಂಚು. ಒಂದು ಮಗು ಅತ್ತರೆ
ಮನೆಮಂದಿಯೆಲ್ಲ ಎದುರಿಗೆ ಹೋಗುತ್ತಾರೆ.’
ತಿಂಗಳೊಳಗೆ ಅಲೆಮನೆಯ ಫೋನು:
‘ಅವ್ರು ಎಷ್ಟ್ ಇಳ್ಸವ್ರೆ? ನಮ್ದು ನಾಕಿಂಚು ಇಳ್ಸು.’
ದಸರೆಗೆ ಮುಂಚೆ ಅವರು. ಸಂಕ್ರಾಂತಿಗೆ ಇವರು.
ಹೋದೆ. ಒಂದು ತೋಳಿಗೆ ಎಂಟುನೂರು,
ಬಿಳಿ ಬಣ್ಣ ಅವರದ್ದೇ.

ತೋಳು ಇಳಿಸುವುದೆಂದರೆ
ಭುಜದಿಂದ ಎದೆಗೆ, ಎದೆಯಿಂದ ಹೊಟ್ಟೆಗೆ;
ಈಗ ಹೊಕ್ಕುಳ ಪಕ್ಕದಲ್ಲಿ ಹುಟ್ಟಿದೆ ಕೈ,
ಅಂಗೈ ಮೇಲಾಗಿ.
ತಡೆಯುತ್ತಿದ್ದ ಕರಡಿ ಬೇಡುತ್ತಿರುವ ಹಾಗಿದೆ.
ಯಾರೂ ಕೇಳಲಿಲ್ಲ.
ಬಳಿದು ಬಳಿದು ತಗಡು ದಪ್ಪಗಾಗಿದೆ,
ಉಗುರು ಹಾಕಿದರೆ ಹಳೆಯ ನಾಲ್ಕಡಿ ಸಿಗುತ್ತದೆ.
ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ
ಅಳಿಸಿದ ತೋಳುಗಳೆಲ್ಲ ಉಬ್ಬಿಕೊಂಡು ಕಾಣುತ್ತವೆ.

ಯುಗಾದಿಯ ಮಾರನೆ ದಿನ ಮೋಕ್ಷಿತ ಬಂದಳು.
ಕರಡಿಯ ಕೈ ಅವಳ ಕೆನ್ನೆಗೆ ಬಂತು.
‘ಅಪ್ಪಾ, ನೋಡು ಎಷ್ಟ್ ಬೆಳ್ದಿವ್ನಿ!’
ಬಣ್ಣ ಹತ್ತಿದ ಕೈ ಬೆನ್ನ ಹಿಂದಿಟ್ಟುಕೊಂಡೆ.

ಹಳದಿ ಕೊಳವೆಯೊಳಗೆ ಒಂದು ಕಿರುಚು ಹೊಕ್ಕು
ತಿರುವಿನಲ್ಲಿ ನಿಂತುಹೋಯಿತು.
ಮೇಲಿಂದ ಕೆಳಕ್ಕೆ ಹನ್ನೊಂದು ಸೆಕೆಂಡು,
ಬೋರ್ಡಿನಲ್ಲಿ ಹಾಗೆ ಬರೆದವನು ನಾನೇ.
ಇಪ್ಪತ್ತಾರರವರೆಗೆ ಎಣಿಸಿದೆ.
ಹಿಂದೆ ಬಂದ ದಪ್ಪ ಹುಡುಗನ ಕಾಲು
ಅವಳನ್ನು ನೀರಿಗೆ ತಳ್ಳಿತು.
ಮೂಗಲ್ಲಿ ನೀರು, ಮೊಣಕೈ ತರಚು. ಅಳಲಿಲ್ಲ.
‘ನಾನು ಹಗುರವಂತೆ, ಅದ್ಕೇ ಸಿಕ್ಕಾಕೊಂಡೆ’ ಅಂದಳು,
ಹೊಗಳಿಸಿಕೊಂಡವಳ ಹಾಗೆ.

ರಾತ್ರಿ ಗೋಡೆಗೆ ಆತು ನಿಂತಳು.
ತಲೆಯ ಮೇಲೆ ಸ್ಕೇಲಿಟ್ಟು ಗೀಟು ಎಳೆದೆ.
ಹೋದ ಬೇಸಿಗೆಗಿಂತ ಒಂದಿಂಚು.
ತಿರುಗಿ ನೋಡಿದಳು, ಬೆರಳಿಟ್ಟು ಅಳೆದಳು,
ತನ್ನ ಕೆನ್ನೆ ಮುಟ್ಟಿಕೊಂಡಳು.
‘ಕರಡಿ ಕುಳ್ಳಾಯ್ತಾ ಅಪ್ಪಾ?’

ಅಷ್ಟರಲ್ಲಿ ಫೋನು, ಉತ್ತಪ್ಪನವರದು.
ಇನ್ನೆರಡು ಇಂಚು, ಶನಿವಾರದೊಳಗೆ.
ಅವಳು ಪೆನ್ಸಿಲ್ ಹಿಡಿದು ಎದುರಿಗೇ ನಿಂತಿದ್ದಳು.
ನಾಳೆ ಹೇಳ್ತೀನಿ, ಅಂದೆ,
ಇಬ್ಬರಿಗೂ.