ಮೂರನೆಯ ಗಂಟೆ

ಮದ್ರಾಸಿನಲ್ಲಿ ಹನ್ನೊಂದು ಸಲ,
ಕೊಲಂಬೊದಲ್ಲಿ ಎರಡು, ಲಂಡನ್ನಿನಲ್ಲಿ ಒಂದೇ ಸಂಜೆ.
ಮೇವಿಸ್ ಡಿಕ್ರೂಜ್ ಟೀಚರು
ತಮ್ಮ ಕಛೇರಿಗಳ ಲೆಕ್ಕ ಹೇಳುತ್ತಿದ್ದುದು ಇಷ್ಟೇ,
ಅದೂ ಕೇಳಿದರೆ.
ಕೇಳದಿದ್ದರೆ ಸೈನೈಡ್ ಗುಡ್ಡದ ಮಾತು:
ಗಾಳಿ ತಿರುಗಿತೆಂದರೆ ಊರಿಗಾಂ ತುಂಬ ಬೂದು ಧೂಳು,
ಕಿಟಕಿ ಹಾಕಿದರೂ ಪಿಯಾನೊದ ಬಿಳಿ ಮನೆಗಳ ಸಂದಿಯಲ್ಲಿ
ಬಂದು ಕೂತುಬಿಡುತ್ತೆ,
ಒದ್ದೆ ಬಟ್ಟೆ ಬೇಡ ಮಗು, ಕೋಳಿಪುಕ್ಕ ತಾ.

ನೈನ ವೈಂಡರ್ ಡ್ರೈವರು.
ಕೆಳಗೆ ಮೈಲಿಗೂ ಮಿಕ್ಕ ಕತ್ತಲು,
ಕೈಯಲ್ಲಿ ಲೀವರು, ಕಿವಿಯಲ್ಲಿ ಗಂಟೆ.
ಮೂರು ಹೊಡೆದರೆ ಮನುಷ್ಯರು.
ನನ್ನ ಫೀಸಿಗೆ ಬದಲು ಭಾನುವಾರ ಬಂದು
ಟೀಚರ ಸಡಿಲ ತಂತಿಗಳನ್ನು ಬಿಗಿದು ಹೋಗುತ್ತಿದ್ದ.
ಏರ್‌ಬ್ಲಾಸ್ಟ್ ಆದ ರಾತ್ರಿ
ಗೂಡಿನ ತಟ್ಟೆಗಳಿಗಿಂತ ಮೊದಲು ನಡುಗುತ್ತಿದ್ದುದು ಅವೇ,
ಯಾರೂ ಮುಟ್ಟದೆ ಎದ್ದ ಒಂದು ಮಂದ್ರ ಝೇಂಕಾರ.
ಬೆಳಗ್ಗೆ ಪಾಠಕ್ಕೂ ಮೊದಲು ಟೀಚರ ಪ್ರಶ್ನೆ:
ಯಾವ ಲೆವೆಲ್ಲು? ಎಷ್ಟು ಜನ?

ಆ ಝೇಂಕಾರದಿಂದಲೇ ಅವರು ಕೃತಿ ಕಟ್ಟಿದ್ದು.
ಮೂರು ವರ್ಷ, ಸೀಸದಕಡ್ಡಿ,
ಗಣಿ ಆಫೀಸಿನ ಹಾಜರಿ ಹಾಳೆಗಳ ಹಿಂಬದಿ.
ಮುಗಿದ ದಿನ ನಮ್ಮಿಬ್ಬರನ್ನೇ ಕೂರಿಸಿ ನುಡಿಸಿದರು.
ಎಡಗೈ ಇಳಿಯಿತು, ಇಳಿಯಿತು,
ಇನ್ನು ಮನೆಗಳೇ ಇಲ್ಲವೆನ್ನುವಲ್ಲಿಗೆ ಇಳಿದು ನಿಂತಿತು.
ಮೇಲೆ ಬಲಗೈ: ಠಣ್. ಠಣ್.
ಆಮೇಲೊಂದು ಮೌನ,
ನನ್ನ ಮೈ ಜುಮ್ಮೆನ್ನುವಷ್ಟು ಚೆಂದದ್ದು.
ಠಣ್.

ನೈನ ಕೆಮ್ಮಿದ. ಮಡಿಲಲ್ಲಿ ಟೋಪಿ ತಿರುಗಿಸಿದ.
"ಅಮ್ಮಾ, ಮೂರನೇದು ಅಷ್ಟು ತಡ ಆದ್ರೆ
ನಾನು ಕೇಜು ಎತ್ತಲ್ಲ.
ಅದು ಮೂರಲ್ಲ. ಎರಡು, ಆಮೇಲೆ ಒಂದು.
ಎರಡಂದ್ರೆ ಇಳಿಸು, ಒಂದಂದ್ರೆ ನಿಲ್ಸು.
ಜನ ಕೆಳಗೇ ಉಳೀತಾರೆ."

ಲಂಡನ್ನಿನಲ್ಲಿ ಚಪ್ಪಾಳೆ ಕೇಳಿದ ಹೆಂಗಸು
ರಬ್ಬರು ಹುಡುಕಿದರು.
ಸಿಗಲಿಲ್ಲ. ನನ್ನ ಕಂಪಾಸು ಪೆಟ್ಟಿಗೆಯಿಂದ ಕೊಟ್ಟೆ.

ಈಗ ಗಣಿಗೆ ಬೀಗ, ನೈನ ಇಲ್ಲ, ಟೀಚರೂ ಇಲ್ಲ.
ರಾಬರ್ಟ್‌ಸನ್ ಪೇಟೆಯ ಚಪ್ಪಲಿ ಅಂಗಡಿಯ ಮಹಡಿಯಲ್ಲಿ
ಕರೆಂಟಿದ್ದರೆ ಕೀಬೋರ್ಡು ಕಲಿಸುತ್ತೇನೆ.
ಅಳಿಸಿದ ವಿರಾಮ ಹಾಳೆಯ ಮೇಲೆ
ಬೆರಳಿಗೆ ಸಿಗುವ ಸಣ್ಣ ಗುಳಿ.
ಒಂಬತ್ತರ ಸೆಲ್ವಮೇರಿ, ಯಾರೂ ಹೇಳಿಕೊಡದೆ,
ಸರಿಯಾಗಿ ಅಲ್ಲೇ ತಡೆಯುತ್ತಾಳೆ.
"ಹಿಂಗಿದ್ರೇ ಚೆನ್ನಾಗಿರುತ್ತೆ ಮಿಸ್."

ಚೆನ್ನಾಗೇ ಇರುತ್ತೆ.
ಬೇಗ ಹೊಡಿ, ಅಂದೆ.
ಕಾಯ್ತಿದಾರೆ.