ಮೊದಲ ಸಾಲು

ಸಾಕಿನಾಕಾದಲ್ಲಿ ಮೆಟ್ರೋ ಕಂಬದ ನೆರಳು ಬೀಳುವ ಗಲ್ಲಿ,
ಮೂರನೇ ಮಹಡಿ, ಗಾಲಾ ಎಲಿವೇಟರ್ ಸರ್ವಿಸ್.
ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವರ ಕಟ್ಟಡಕ್ಕೆ
ಲಿಫ್ಟಿಲ್ಲ.
ಹೆಗಲಲ್ಲಿ ಲ್ಯಾಪ್‌ಟಾಪು, ಜೇಬಲ್ಲಿ ಇಕ್ಕಳ,
ಏದುಸಿರು ಬಿಡುತ್ತ ನಾನು.

"ನಮ್ಮ ಫೋನು ಮಾತು ನುಂಗತ್ತೆ" ಅಂದಳು ಹೇಮಾಂಗಿ ತಾಂಡೇಲ್.
ಮಂಗಳವಾರ ಸಂಜೆ ಯಾರೋ ಹೆಂಗಸು, ಲಿಫ್ಟಿನೊಳಗಿಂದ:
ನೀಲ್ ಬಿಲ್ಡಿಂಗು, ಬಿ ವಿಂಗು, ಬೇಗ ಬನ್ನಿ.
ರಿಜಿಸ್ಟರಿನಲ್ಲಿ ನೀಲಕಮಲ ಇದೆ, ನೀಲಾಂಬರಿ ಇದೆ, ನೀಲಸಾಗರ ಇದೆ.
ಯಾವ ನೀಲ್ ಅಂತ ಮೂರು ಸಲ ಕೇಳಿದಳಂತೆ ಇವಳು.
ಆ ಕಡೆ ತಲುಪಿದ್ದು ಬರೀ ಜಲ್ಲಿ ಸುರಿದ ಸದ್ದು.
ಹಲೋ, ಹಲೋ, ಹಲೋ.
ಆಮೇಲೆ ಅದೂ ಇಲ್ಲ.

ಮುಖ್ತಾರ್ ಬೈಕು ಹತ್ತಿ ಪವಯಿಗೆ ಹೋದ.
ಆಕೆ ಇದ್ದದ್ದು ಕುರ್ಲಾದಲ್ಲಿ,
ಐವತ್ತು ನಿಮಿಷ,
ಕೈಯಲ್ಲಿ ಐಸು ಕರಗುತ್ತಿದ್ದ ಒಂದು ಚೀಲ ಬೊಂಬಿಲ್ ಮೀನು.
ನಾನು ನಕ್ಕೆ. ಹೇಮಾಂಗಿ ನಗಲಿಲ್ಲ.

ಪೆಟ್ಟಿಗೆಯ ಒಳಹೊಕ್ಕು ನೋಡಿದೆ.
ಬರುವ ದಾರಿ ಅಗಲ, ಹೋಗುವುದು ಸಂದಿ.
ಆ ಸಂದಿಯಲ್ಲಿ, ಸರಿಯಾಗಿ ನಾಲ್ಕು ಗಂಟೆಗೆ,
ತುಂಬು ಬಸುರಿ ಎಮ್ಮೆಯ ಹಾಗೆ ಟ್ಯಾಲಿಯ ಬ್ಯಾಕಪ್ಪು.
ಅದರ ಬೆನ್ನಿಗೆ ಆರು ಕ್ಯಾಮೆರಾಗಳ ಚಿತ್ರ,
ಯಾರು ಎಷ್ಟು ಹೊತ್ತು ಚಹಾ ಕುಡಿದರೆಂದು
ಮುಲುಂಡಿನ ಮನೆಯಲ್ಲಿ ಕೂತ ಶೇಠರಿಗೆ ತೋರಿಸಲು.
ಇವುಗಳ ಕಾಲಡಿಯಲ್ಲಿ ಮಾತು:
ಸಾಸಿವೆಯಂಥ ಕಾಳು, ಸೆಕೆಂಡಿಗೆ ಐವತ್ತು.

ಬಿಲ್ಲು ತಡವಾಗಿ ಬಂದರೂ ಬಿಲ್ಲೇ.
ತಡವಾದ ಮಾತನ್ನು ಆ ಕಡೆಯ ಫೋನೇ
ಎತ್ತಿ ಬಿಸಾಡುತ್ತದೆ.

ಹತ್ತಿರುವ ಕಡೆ ಒಂಬತ್ತೇ ಎಂದು ಬರೆದೆ.
ಆ ಒಂದನ್ನು ಬಿಟ್ಟುಕೊಟ್ಟರೆ
ನೂಕುನುಗ್ಗಲು ರಸ್ತೆಯಲ್ಲಿ ಅಲ್ಲ, ನಮ್ಮ ಹೊಸ್ತಿಲಲ್ಲೇ ನಿಲ್ಲುತ್ತದೆ;
ಹೊಸ್ತಿಲಲ್ಲಾದರೆ ಕೋಲು ನನ್ನ ಕೈಯಲ್ಲಿ.
ಮಾತಿನ ಹಣೆಗೆ ನಲವತ್ತಾರು ಎಂಬ ಅಂಕೆ ಬರೆದೆ.
(ಗಲ್ಲಿ ದಾಟಿದ ಮೇಲೆ ಅದನ್ನು ಯಾರೂ ಓದುವುದಿಲ್ಲ, ಗೊತ್ತು.
ಇಲ್ಲಿಂದ ದಾಟಿಸುವಷ್ಟು ಮಾತ್ರ ನನ್ನ ಕೆಲಸ.)
ಆಮೇಲೆ ಬಿಲ್ಲು, ಆಮೇಲೆ ಎಮ್ಮೆ,
ಎಲ್ಲಕ್ಕಿಂತ ಹಿಂದೆ, ಯಾರನ್ನೂ ಕೇಳದೆ,
ಶೇಠರ ಆರು ಕಣ್ಣು.

ಎಂಟುನೂರು ರೂಪಾಯಿ ಬರಬೇಕಿತ್ತು,
ಶುಕ್ರವಾರ ಮತ್ತೆ ಹತ್ತಿದೆ.
ನಾಲ್ಕೂಕಾಲು. ಹೇಮಾಂಗಿಯ ಕಿವಿಗೆ ಫೋನು.
ಚಾಂದಿವಲಿಯ ಲಿಫ್ಟೊಂದರಲ್ಲಿ ಒಬ್ಬನೇ ಹುಡುಗ,
ಮೊಬೈಲು ಅಜ್ಜಿಯದು, ದೀಪ ಹೋಗಿದೆ.
ಮುಖ್ತಾರ್ ಹೊರಟಾಗಿದೆ, ಸಿಗ್ನಲ್ಲಿನಲ್ಲಿದ್ದಾನೆ.
ಅಲ್ಲಿವರೆಗೆ ಏನು ಹೇಳುವುದು?
ಬೊಂಬಿಲ್ ಹೇಗೆ ಒಣಗಿಸುತ್ತಾರೆಂದು ಹೇಳಿದಳು.
ಒಂದರ ಬಾಯಿಗೆ ಇನ್ನೊಂದರ ಬಾಲವೋ ಬಾಯೋ ಸಿಕ್ಕಿಸಿ
ಹಗ್ಗದ ಮೇಲೆ ಜೋಡಿಜೋಡಿಯಾಗಿ,
ಅಂಗಿ ಚಡ್ಡಿ ಒಣಹಾಕಿದ ಹಾಗೆ.
ಹುಡುಗ ಏನೋ ಕೇಳಿದ. ಇಲ್ಲಪ್ಪ, ಕಚ್ಚಲ್ಲ, ಅಂದಳು.
ಒಂದಿಷ್ಟು ಹೊತ್ತು ಮಾತು ಮುಗಿದು
ಬರೀ ಅವಳ ಉಸಿರಾಟ ಹೋಯಿತು ಅವನಿಗೆ.
ಅದಕ್ಕೂ ಅದೇ ಅಂಕೆ, ಅದೇ ಮೊದಲ ಸಾಲು.

ಅಷ್ಟು ಹೊತ್ತೂ ಮುಲುಂಡಿನ ತೆರೆಯ ಮೇಲೆ
ಚಿತ್ರ ಕಲ್ಲಾಗಿ ಕೂತಿತ್ತು:
ಹೇಮಾಂಗಿ, ತುಟಿಗೆ ಹಿಡಿದ ಚಹಾದ ಲೋಟ,
ಹನ್ನೊಂದು ನಿಮಿಷ ಒಂದೇ ಗುಟುಕು.

ಬಾಗಿಲು ತೆರೆಯಿತಂತೆ, ಅಜ್ಜಿ ಸಿಕ್ಕಳಂತೆ.
ಅವಳು ಫೋನಿಟ್ಟ ಮರುಗಳಿಗೆ ಅದು ಮತ್ತೆ ಹೊಡಕೊಂಡಿತು.
ಶೇಠರು. ಎಷ್ಟು ಹೊತ್ತು ಕುಡೀತೀಯಮ್ಮ ಚಹಾ?

ನಾನು ಪೆಟ್ಟಿಗೆಯ ಹಸಿರು ದೀಪ ನೋಡುತ್ತ ಕೂತೆ.
ಆರಿದ ಲೋಟವನ್ನು ಪಕ್ಕಕ್ಕೆ ಸರಿಸಿ
ಹೇಮಾಂಗಿ ಕೊಟ್ಟ ಉತ್ತರ
ಒಂದು ಅಕ್ಷರವೂ ಉದುರದೆ
ಮುಲುಂಡು ತಲುಪಿತು.