ಮೊಣ್ಣಪ್ಪನವರ ಖಾತೆ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ಕೆಲಸ ಬೀಗ ಕಾಯುವುದು.
ಕಬ್ಬಿಣದ್ದಲ್ಲ. ಅದಕ್ಕೆ ಗೇಟಿನಲ್ಲಿ
ಮಾಜಿ ಹವಾಲ್ದಾರ್ ದೇವಯ್ಯ ಇದ್ದಾರೆ;
ಹೊಸಬರು ಬಂದರೆ ಕಾರ್ಡು ನೋಡುವವರಲ್ಲ,
"ಯಾವ ಮನೆ? ಅಮ್ಮನ ಕಡೆ ಯಾರು?" ಎಂದು ಕೇಳಿ
ಉತ್ತರವನ್ನಲ್ಲ, ಅದಕ್ಕೆ ಮುಂಚಿನ ತಡವರಿಕೆಯನ್ನು ನೋಡುತ್ತಾರೆ.

ನನ್ನ ಯಂತ್ರವೂ ಅಷ್ಟೆ.
ಪಾಸ್‌ವರ್ಡ್ ಸರಿಯಿದ್ದರೆ ಸಾಲದು ಅದಕ್ಕೆ.
ಯಾವ ಹೊತ್ತು, ಯಾವ ಕಂಪ್ಯೂಟರು, ಯಾವ ಊರಿನ ಟವರು,
ಎರಡು ಅಕ್ಷರಗಳ ನಡುವೆ ಬೆರಳು ಎಷ್ಟು ತಂಗಿತು,
ಎಲ್ಲ ಕೂಡಿ ಕಳೆದು ಒಂದು ಅಂಕ ಹಾಕುತ್ತದೆ.
ಅಂಕ ಇಳಿದರೆ ಫೋನಿಗೆ ಸಂಖ್ಯೆ ಕಳಿಸುತ್ತದೆ,
ಇನ್ನೂ ಇಳಿದರೆ ಮುಖ ತಿರುಗಿಸುತ್ತದೆ.
ವ್ಯಾಪಾರಕ್ಕೆ ಬಂದವರ ಲ್ಯಾಪ್‌ಟಾಪು
ಕೈಯಾಲೆಯಲ್ಲಿ ಕೂತು ಮೇಲ್ ನೋಡಬಹುದು,
ನೆಲ್ಲಕ್ಕಿ ನಡುಬಾಡೆಗೆ ಕಾಲಿಡುವಂತಿಲ್ಲ.
ತೂಕದ ಯಂತ್ರಕ್ಕೂ ಕ್ಯಾಮೆರಾಕ್ಕೂ ಮಾತುಕತೆಯಿಲ್ಲ.
ಮಾಲೀಕರ ಫೋನೂ ದಿನಾ ಹೆಸರು ಹೇಳಿಯೇ ಬರಬೇಕು.
"ನನ್ನದೇ ಮಿಲ್ಲಲ್ಲವಾ!" ಎಂದು ಒಮ್ಮೆ ರೇಗಿದ್ದರು.
ಹೌದು ಸರ್, ಅದಕ್ಕೇ, ಎಂದಿದ್ದೆ.

ಫೆಬ್ರವರಿ. ರೊಬಸ್ಟಾ ಲಾರಿಗಳು ಕೂಡಿಗೆ ರಸ್ತೆಯುದ್ದಕ್ಕೂ ಸಾಲು.
ಧೂಳು, ಗೋಣಿಯ ವಾಸನೆ, ಹಲ್ಲರಿನ ಗಡಗಡ.
ಹಿಂದಿನ ವಾರದ ದಾಖಲೆ ತಿರುವುತ್ತಿದ್ದೆ, ಹೆಸರೊಂದು ಕಂಡಿತು:
ಮೊಣ್ಣಪ್ಪ. ತೇವಾಂಶ ಪರೀಕ್ಷೆ ಕೋಣೆ.
ಬೆಳಿಗ್ಗೆ ಆರು ಹತ್ತು. ಪ್ರವೇಶ ನೀಡಲಾಗಿದೆ.
ನಂಬಿಕೆಯ ಅಂಕ ತೊಂಬತ್ತೊಂದು.

ಮೊಣ್ಣಪ್ಪನವರು ಜೂನಿನಲ್ಲೇ ತೀರಿಕೊಂಡಿದ್ದರು.
ಹನ್ನೊಂದನೇ ದಿನದ ಮಾದಕ್ಕೆ ನಾನೂ ಹೋಗಿ ಉಂಡು ಬಂದಿದ್ದೆ.
ಊರಿಗೆಲ್ಲ ಗೊತ್ತು. ಯಂತ್ರಕ್ಕೆ ತಿಳಿಸಬೇಕಾದವಳು ನಾನು,
ತಿಳಿಸಿರಲಿಲ್ಲ.

ತೇವಾಂಶ ಅರ್ಧ ಅಂಕ ತಿದ್ದಿದರೆ ಲಾರಿಗೆ ಸಾವಿರಗಟ್ಟಲೆ.
ರಾತ್ರಿಯಿಡೀ ಲೆಕ್ಕ ತಾಳೆ ನೋಡಿದೆ, ಒಂದೂ ತಪ್ಪಿಲ್ಲ.
ಪಾಸ್‌ವರ್ಡ್ ಕದಿಯಬಹುದು, ಸರಿ;
ಆ ಬೆರಳನ್ನು ಎಲ್ಲಿಂದ ತಂದ ಕಳ್ಳ?
ಬಲಗೈ ತೋರುಬೆರಳೊಂದೇ, ಕೋಳಿ ಕಾಳು ಹೆಕ್ಕಿದಂತೆ,
ಪ್ರತಿ ಅಂಕಿಯ ನಂತರವೂ
ಕನ್ನಡಕ ಸರಿಮಾಡಿಕೊಳ್ಳುವಷ್ಟು ಬಿಡುವು.

ಬೆಳಿಗ್ಗೆ ಆರಕ್ಕೇ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.
ಕಂಬಿಬಾಣೆಯ ಸಜೀರ್. ಇಪ್ಪತ್ತೆರಡು ವರ್ಷ.
ಮೂರು ಸೀಸನ್ನು ಮೊಣ್ಣಪ್ಪನವರ ಪಕ್ಕದ ಸ್ಟೂಲಿನಲ್ಲಿ ಕೂತವನು.
ಮೀಟರಿಗೆ ಸುರಿಯುವ ಮುಂಚೆ ಒಂದು ಬೀಜ ಹಲ್ಲಿಗಿಟ್ಟು ಕಚ್ಚಿದ,
ಹತ್ತೂವರೆ, ಎಂದ ತನಗೆ ತಾನೇ.
ಮೀಟರು ಹತ್ತು ಪಾಯಿಂಟ್ ಆರು ಎಂದಿತು.
ಆಮೇಲೆ ತೋರುಬೆರಳು. ಒಂದು ಅಂಕಿ. ಬಿಡುವು.
ಅವನಿಗೆ ಕನ್ನಡಕವಿಲ್ಲ.

ನನ್ನ ಕಂಡು ಎದ್ದು ನಿಂತ. "ಖಾತೆ ಕೇಳಿದ್ದೆ ಅಕ್ಕ, ಆಗಸ್ಟಿನಲ್ಲಿ.
ನೋಡ್ತೀನಿ ಅಂದಿರಿ. ಲಾರಿ ಕಾಯೋದಿಲ್ಲವಲ್ಲ."
ಮೀಟರಿನ ಅಡಿ ಮಡಚಿಟ್ಟ ಚೀಟಿ, ಮೊಣ್ಣಪ್ಪನವರದೇ ಅಕ್ಷರ:
ಸಾಕಿದ ನಾಯಿಯ ಹೆಸರು, ಪಟಾಲಂ ಬಿಟ್ಟ ವರ್ಷ.

ಅಲ್ಲೇ ನಿಂತು ಖಾತೆ ಮುಚ್ಚಿದೆ.
ಖಚಿತವೇ? ಎಂದು ಯಂತ್ರ ಎರಡು ಸಲ ಕೇಳಿತು.
ಮಾದದ ದಿನವೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಸಜೀರನಿಗೆ ಹೊಸ ಹೆಸರು, ಹೊಸ ಗುಟ್ಟು,
ದಿನಾ ಬೆಳಿಗ್ಗೆ ಫೋನಿಗೊಂದು ಸಂಖ್ಯೆ.
ಆ ಕೋಣೆಯಲ್ಲಿ ಸಿಗ್ನಲ್ ಹಿಡಿಯುವುದಿಲ್ಲ.
ಒಣಗಿಸುವ ಕಣದ ತನಕ ಓಡಿ ಸಂಖ್ಯೆ ಓದಿಕೊಂಡು
ವಾಪಸು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹೊರಗೆ ಹಾರನ್ನು.
"ಎಷ್ಟು ದಿನ ಅಕ್ಕ ಹೀಗೆ?"
ನಿನ್ನ ಗುರುತು ಹತ್ತುವ ತನಕ.

ನಿನ್ನೆ ನನ್ನ ಪರದೆಗೆ ಕೆಂಪಕ್ಷರದಲ್ಲಿ ಬಂತು:
ಬಳಕೆದಾರ ಸಜೀರ್. ಅಂಕ ಮೂವತ್ತೆಂಟು.
ಬೆರಳಿನ ನಡೆ ಬೇರೊಬ್ಬರ, ಮುಚ್ಚಿದ ಖಾತೆಯನ್ನು ಹೋಲುತ್ತಿದೆ.
ತಡೆಯಿರಿ, ಅಥವಾ ಕಾರಣ ತಿಳಿಸಿ ಅನುಮತಿಸಿ.

ಮೂರು ಸೀಸನ್, ಪಕ್ಕದ ಸ್ಟೂಲು, ಎಂದು ಬರೆದೆ.
ಅದು ಒಪ್ಪಲಿಲ್ಲ. ಕಾರಣವನ್ನು ಪಟ್ಟಿಯಿಂದಲೇ ಆರಿಸಬೇಕಂತೆ.
ಮೇಲಿನಿಂದ ಕೆಳಗೆ ಎರಡು ಸಲ ಓದಿ
'ಇತರೆ' ಒತ್ತಿದೆ.